ರಸ್ತೆ ಕೆಲಸವೂ ಒಂದು ವಿದ್ಯೆ

ಪ್ರಥಮ ಪಿಯುಸಿಯಲ್ಲಿ ಘರ್ಷಣೆಯ ಪಾಠ ಮುಗಿದ ಮೇಲೆ ನಾನು ಪ್ರತಿ ವರ್ಷ ಒಂದು ಲೆಕ್ಕ ಕೊಡುತ್ತೇನೆ. ಕಾರೊಂದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿದೆ. ಎದುರಿಗೆ ರಸ್ತೆಯ ಹೊಂಡ ಮುಚ್ಚುತ್ತಾ ಒಬ್ಬ ಮನುಷ್ಯ ಬಗ್ಗಿ ನಿಂತಿದ್ದಾನೆ. ಚಾಲಕ ಅವನನ್ನು ಕಂಡ ಕ್ಷಣದಿಂದ ಕಾರು ಪೂರ್ತಿ ನಿಲ್ಲುವವರೆಗೆ ಎಷ್ಟು ದೂರ ಬೇಕು?

"ಹದಿನೈದು ಮೀಟರ್ ಸರ್", "ಇಪ್ಪತ್ತು ಮೀಟರ್ ಸರ್" ಎಂದು ತರಗತಿಯಿಂದ ಉತ್ತರ ಬರುತ್ತದೆ. ಲೆಕ್ಕ ಮಾಡಿ ನೋಡೋಣ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಕಣ್ಣು ಕಂಡದ್ದನ್ನು ಮೆದುಳು ಅರ್ಥ ಮಾಡಿಕೊಂಡು ಕಾಲು ಬ್ರೇಕ್ ತುಳಿಯುವಷ್ಟರಲ್ಲಿ 2.5 ಸೆಕೆಂಡ್ ಕಳೆಯುತ್ತದೆ ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಿಡಿದಿದೆ. ಅಷ್ಟರಲ್ಲೇ ಕಾರು 42 ಮೀಟರ್ ಮುಂದೆ ಬಂದಾಯಿತು. ಬ್ರೇಕ್ ತುಳಿದ ಮೇಲಿನ ದೂರಕ್ಕೆ ನಿಮಗೆ ಗೊತ್ತಿರುವ ಸೂತ್ರವೇ ಸಾಕು: ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸುವುದು. ಈ ವೇಗಕ್ಕೆ ಘರ್ಷಣಾಂಕ 0.36 ಎಂದು ಹಿಡಿದರೆ ಸುಮಾರು 39 ಮೀಟರ್ ಬರುತ್ತದೆ. ಒಟ್ಟು 81 ಮೀಟರ್. ಎಂಜಿನಿಯರುಗಳ ಕೈಪಿಡಿಯಲ್ಲಿ ಇದನ್ನೇ 80 ಮೀಟರ್ ಎಂದು ಬರೆದಿರುತ್ತಾರೆ. ನಾಲ್ಕು ಕ್ರಿಕೆಟ್ ಪಿಚ್‌ಗಳನ್ನು ಒಂದರ ಹಿಂದೆ ಒಂದು ಇಟ್ಟಷ್ಟು ಉದ್ದ!

ಮಳೆಗಾಲ, ಟೈರು ಸವೆದಿದೆ, ಘರ್ಷಣಾಂಕ ಅರ್ಧಕ್ಕೆ ಇಳಿದಿದೆ ಎಂದುಕೊಳ್ಳಿ. ಆಗ ಬ್ರೇಕಿನ ದೂರ ಎರಡು ಪಟ್ಟಾಗಿ ಒಟ್ಟು 120 ಮೀಟರ್ ದಾಟುತ್ತದೆ.

ಕಾರಿನವನ ಲೆಕ್ಕ ಹೀಗಾಯಿತು. ರಸ್ತೆಯಲ್ಲಿ ಬಗ್ಗಿ ನಿಂತವನ ಕಡೆಯಿಂದ ಅದನ್ನೇ ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. 'ಮುಂದೆ ಕಾಮಗಾರಿ ನಡೆಯುತ್ತಿದೆ' ಎಂಬ ಬೋರ್ಡನ್ನು ಎಲ್ಲಿ ಇಡಬೇಕು? ಕೆಂಪು ಬಾವುಟ ಹಿಡಿದವನು ಎಷ್ಟು ಮುಂದೆ ನಿಲ್ಲಬೇಕು? ತಿರುವಿನ ಆಚೆಗೋ ಈಚೆಗೋ? ಈ ತೀರ್ಮಾನವನ್ನು ದಿನವೂ ಬೆಳಿಗ್ಗೆ ರಸ್ತೆಯ ಮೇಲೆ ತೆಗೆದುಕೊಳ್ಳುವವನು ಎಂಜಿನಿಯರ್ ಅಲ್ಲ. ಆ ದಿನ ಬೇರೆ ಕೆಲಸ ಸಿಗದ ಒಬ್ಬ ಹುಡುಗನ ಕೈಗೆ ಬಾವುಟ ಕೊಟ್ಟು "ಅಲ್ಲಿ ನಿಲ್ಲು" ಎಂದಿರುತ್ತಾರೆ. ಅವನಿಗೆ ಈ 80 ಮೀಟರಿನ ಲೆಕ್ಕವನ್ನು ಯಾರಾದರೂ ಹೇಳಿಕೊಟ್ಟಿದ್ದಾರೆಯೇ?

ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿದ್ದನ್ನು, ನಮ್ಮ ಕಡೆಯ ರಸ್ತೆ ಕೆಲಸಗಾರರೊಂದಿಗೆ ಮಾತಾಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಜಲ್ಲಿ, ಡಾಮರು, ಜೆಸಿಬಿಗಳ ದುಡಿಮೆಯಿಂದಲೇ ಮನೆ ನಡೆಯುವ ಮಕ್ಕಳಿದ್ದಾರೆ. ಅವರಿಗೆ ಇದರಲ್ಲಿ ಕೆಲವು ಸಂಗತಿ ನೇರವಾಗಿ ಉಪಯೋಗಕ್ಕೆ ಬರಬಹುದು.

ನಾಲ್ಕು ಭಾಗಗಳ ಕಾಮಗಾರಿ

ಕಾಮಗಾರಿ ನಡೆಯುವ ಜಾಗದಲ್ಲಿ ವಾಹನ ಸಂಚಾರವನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರತ್ಯೇಕ ಮಾರ್ಗಸೂಚಿಯೇ ಇದೆ. ಐಆರ್‌ಸಿ ಎಸ್‌ಪಿ 55 ಎಂಬುದು ಅದರ ಸಂಖ್ಯೆ. 2001ರಲ್ಲಿ ಬಂದು 2014ರಲ್ಲಿ ಪರಿಷ್ಕರಣೆಗೊಂಡಿತು. ಅದರ ಪ್ರಕಾರ ರಸ್ತೆಯನ್ನು ನಾಲ್ಕು ಭಾಗವಾಗಿ ನೋಡಬೇಕು. ಮೊದಲನೆಯದು ಎಚ್ಚರಿಕೆಯ ಭಾಗ. ಇಲ್ಲಿ ಕೆಲಸ ಏನೂ ಇರುವುದಿಲ್ಲ, ಬೋರ್ಡುಗಳು ಮಾತ್ರ. ಎರಡನೆಯದರಲ್ಲಿ ಕೋನ್‌ಗಳನ್ನು ಓರೆಯಾಗಿ ಸಾಲಿಟ್ಟು ವಾಹನಗಳನ್ನು ನಿಧಾನಕ್ಕೆ ಪಕ್ಕದ ಲೇನಿಗೆ ಸರಿಸುತ್ತಾರೆ. ಮೂರನೆಯದು ಕೆಲಸ ನಡೆಯುವ ಜಾಗ. ನಾಲ್ಕನೆಯದರಲ್ಲಿ ವಾಹನಗಳು ಮತ್ತೆ ತಮ್ಮ ದಾರಿಗೆ ಮರಳುತ್ತವೆ. ರಸ್ತೆಯ ವೇಗ ಹೆಚ್ಚಾದಷ್ಟೂ ಮೊದಲ ಎರಡು ಭಾಗಗಳು ಉದ್ದವಾಗಬೇಕು. ಏಕೆಂದು ಮೇಲಿನ ಲೆಕ್ಕ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಊರ ರಸ್ತೆಗಳಲ್ಲಿ ಕಾಣುವುದೇನು? ಒಂದು ಮರದ ಕೊಂಬೆ, ಎರಡು ಕಲ್ಲು, ಕೆಲವೊಮ್ಮೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿದ ಕೋಲು. ಇದನ್ನು ಕಂಡು ನಗುವ ಮೊದಲು ಯೋಚಿಸಬೇಕು. ಕೊಂಬೆ ನೆಟ್ಟವನಿಗೆ ಅಪಾಯದ ಅರಿವಿದೆ. ಇಲ್ಲದಿದ್ದರೆ ಅವನು ಅದನ್ನೂ ನೆಡುತ್ತಿರಲಿಲ್ಲ. ಅವನಲ್ಲಿ ಇಲ್ಲದಿರುವುದು ಸಾಧನ ಮತ್ತು ತರಬೇತಿ. ಸಾಧನ ಕೊಡಬೇಕಾದವರು ಬೇರೆ. ತರಬೇತಿಗೆ ಅರ್ಧ ದಿನ ಸಾಕು. ಹಳದಿ ಅಥವಾ ಕಿತ್ತಳೆ ಬಣ್ಣದ ಹೊಳೆಯುವ ಅಂಗಿ ಏಕೆ ಹಾಕಬೇಕು, ವಾಹನಗಳಿಗೆ ಬೆನ್ನು ಹಾಕಿ ಏಕೆ ನಿಲ್ಲಬಾರದು, ಹಿಂದಕ್ಕೆ ಬರುವ ಟಿಪ್ಪರ್ ಚಾಲಕನಿಗೆ ಯಾವ ಬದಿಯ ಮನುಷ್ಯ ಕಾಣುವುದಿಲ್ಲ, ಸಂಜೆ ಕೆಲಸ ಮುಗಿದ ಮೇಲೆ ಬೋರ್ಡು ಏಕೆ ತೆಗೆಯಬೇಕು ಎಂಬಷ್ಟನ್ನು ಹೇಳಿ, ಮಾಡಿ ತೋರಿಸಿದರೆ ಆಯಿತು. ಕೊನೆಯದು ಸಣ್ಣ ವಿಷಯವಲ್ಲ. ಕೆಲಸವಿಲ್ಲದ ಜಾಗದಲ್ಲೂ ಬೋರ್ಡು ಉಳಿದಿದ್ದರೆ ಚಾಲಕರು ಬೋರ್ಡುಗಳನ್ನೇ ನಂಬದಂತಾಗುತ್ತಾರೆ.

ಹೊಗೆ ನೋಡಿ ಉಷ್ಣತೆ ಹೇಳುವವರು

ನಾವು ಡಾಮರು ಎಂದು ಕರೆಯುವುದು ಇಂದು ನಿಜವಾಗಿ ಬಿಟುಮಿನ್. ಹಿಂದಿನ ಡಾಮರು ಕಲ್ಲಿದ್ದಲಿನಿಂದ ಬರುತ್ತಿತ್ತು. ಬಿಟುಮಿನ್ ಕಚ್ಚಾ ತೈಲವನ್ನು ಶುದ್ಧೀಕರಿಸಿದಾಗ ಕೊನೆಗೆ ಉಳಿಯುವ ಗಟ್ಟಿ ಕಪ್ಪು ದ್ರವ್ಯ. ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದಲ್ಲೂ ಇದು ತಯಾರಾಗುತ್ತದೆ. ಸ್ನಿಗ್ಧತೆಯ ಆಧಾರದ ಮೇಲೆ ಇದಕ್ಕೆ ದರ್ಜೆಗಳಿವೆ. ಸಾಮಾನ್ಯವಾಗಿ ಬಳಸುವ ವಿಜಿ 30 ದರ್ಜೆಯನ್ನು ಜಲ್ಲಿಯೊಂದಿಗೆ ಕಲಸುವಾಗ ಉಷ್ಣತೆ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರಬೇಕು. ರಸ್ತೆಗೆ ಹಾಸುವಾಗ 140 ಡಿಗ್ರಿಗಿಂತ ಕಡಿಮೆಯಾಗಬಾರದು. ರೋಲರ್ ಓಡಿಸುವ ಕೆಲಸ 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಕೇಂದ್ರ ಸರ್ಕಾರದ ರಸ್ತೆ ಸಚಿವಾಲಯದ ನಿರ್ದಿಷ್ಟತೆಯಲ್ಲಿರುವ ಅಂಕಿಗಳಿವು.

ಈ ಅಂಕಿಗಳ ಹಿಂದೆ ರಸಾಯನಶಾಸ್ತ್ರವಿದೆ. ಹೆಚ್ಚು ಕಾಯಿಸಿದರೆ ಬಿಟುಮಿನ್ ಗಾಳಿಯ ಆಮ್ಲಜನಕದೊಂದಿಗೆ ಬೇಗ ವರ್ತಿಸಿ ಗಡುಸಾಗುತ್ತದೆ. ಅಂಥ ರಸ್ತೆ ಎರಡೇ ವರ್ಷದಲ್ಲಿ ಒಡೆದ ಮಡಕೆಯಂತೆ ಬಿರುಕು ಬಿಡಬಹುದು. ಕಡಿಮೆ ಕಾಯಿಸಿದರೆ, ಅಥವಾ ಲಾರಿ ದಾರಿಯಲ್ಲಿ ಸಿಕ್ಕಿಕೊಂಡು ಮಾಲು ತಣ್ಣಗಾದರೆ, ರೋಲರ್ ಎಷ್ಟು ಓಡಿದರೂ ಜಲ್ಲಿಗಳ ನಡುವೆ ಗಾಳಿಯ ಜಾಗ ಉಳಿಯುತ್ತದೆ. ಆಷಾಢದ ಮಳೆನೀರಿಗೆ ಆ ಜಾಗವೇ ಬಾಗಿಲು.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹತ್ತಿರ ಡಾಮರೀಕರಣ ನಡೆಯುತ್ತಿದ್ದಾಗ ಮೇಸ್ತ್ರಿಯೊಬ್ಬರೊಂದಿಗೆ ಮಾತಿಗೆ ನಿಂತೆ. ಕೊಪ್ಪಳದ ಕಡೆಯವರು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಅವರಲ್ಲಿ ಥರ್ಮಾಮೀಟರ್ ಇರಲಿಲ್ಲ. "ಬಿಸಿ ಸರಿಯಾಗಿದೆ ಎಂದು ಹೇಗೆ ತಿಳಿಯುತ್ತೀರಿ ಮೇಸ್ತ್ರಿ?" ಎಂದು ಕೇಳಿದೆ.

"ಹೊಗಿ ನೋಡ್ರಿ ಸರ. ನೀಲಿ ಹೊಗಿ ಬಂತಂದ್ರ ಮಾಲು ಸುಟ್ಟೈತಿ. ಬಿಳಿ ಹಬಿ ಎದ್ದರ ಜಲ್ಲಿ ಹಸಿ ಐತಿ. ಲಾರಿಯಿಂದ ಸುರಿದಾಗ ಮಾಲು ಗುಡ್ಡದಂಗ ನಿಂತ್ರ ತಣ್ಣಗಾಗೈತಿ ಅಂತ ತಿಳೀಬೇಕ್ರಿ."

"ಇದನ್ನೆಲ್ಲ ಯಾರು ಕಲಿಸಿದರು?"

"ಯಾರು ಕಲಸ್ತಾರ್ರೀ? ನೋಡಿ ನೋಡಿ ಬಂತು."

ಆಮೇಲೆ ಪುಸ್ತಕ ತೆಗೆದು ನೋಡಿದೆ. ನೀಲಿ ಹೊಗೆ ಅತಿಯಾಗಿ ಕಾದ ಲಕ್ಷಣ, ಏಳುವ ಹಬೆ ತೇವಾಂಶದ ಲಕ್ಷಣ, ಗಡುಸಾಗಿ ಗೋಪುರದಂತೆ ನಿಲ್ಲುವ ರಾಶಿ ತಣ್ಣಗಾದ ಲಕ್ಷಣ ಎಂದು ಅಲ್ಲಿಯೂ ಬರೆದಿದೆ. ಎಂಜಿನಿಯರಿಂಗ್ ಪುಸ್ತಕ ಮತ್ತು ಮೇಸ್ತ್ರಿ ಒಂದೇ ಮಾತು ಹೇಳುತ್ತಿದ್ದಾರೆ. ವ್ಯತ್ಯಾಸವೆಂದರೆ ಪುಸ್ತಕ ಓದಿದವನ ಬಳಿ ಪ್ರಮಾಣಪತ್ರವಿದೆ, ಮೇಸ್ತ್ರಿಯ ಬಳಿ ಇಲ್ಲ. ಅವರೊಂದಿಗೆ ಆ ದಿನ ಕೆಲಸ ಮಾಡುತ್ತಿದ್ದ ಹೊಸ ಹುಡುಗರಿಗೆ ಈ ಯಾವ ಲಕ್ಷಣವೂ ತಿಳಿದಿರಲಿಲ್ಲ. ಅವರೂ ನೋಡಿ ನೋಡಿ ಕಲಿಯುವಷ್ಟರಲ್ಲಿ ಎಷ್ಟು ಕಿಲೋಮೀಟರ್ ರಸ್ತೆ ಹಾಳಾಗಬೇಕು, ಎಷ್ಟು ಕೈಕಾಲು ಸುಡಬೇಕು?

ಸುಡುವ ಮಾತು ಬಂತು. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ಕಾದ ಬಿಟುಮಿನ್ನಿಗೆ ನೀರು ಬಿದ್ದರೆ ಏನಾಗುತ್ತದೆ? ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ. ಒಂದು ಲೋಟ ನೀರು ಕಾದ ಡ್ರಮ್ಮಿನ ತಳ ಸೇರಿದರೆ ಆ ಆವಿ ಮೇಲಿರುವ ಡಾಮರನ್ನು ನೊರೆಯಾಗಿ ಉಕ್ಕಿಸಿ ಹೊರಕ್ಕೆ ಎಸೆಯುತ್ತದೆ. ಮಳೆಯಲ್ಲಿ ಬಾಯಿ ತೆರೆದಿಟ್ಟ ಡ್ರಮ್ಮನ್ನು ನೇರವಾಗಿ ಒಲೆಗೇರಿಸಬಾರದು ಎನ್ನುವುದು ಇದಕ್ಕೆ. ಬಿಸಿ ಡಾಮರು ಚರ್ಮಕ್ಕೆ ಅಂಟಿದರೆ ತಕ್ಷಣ ತಣ್ಣೀರು ಹರಿಸಬೇಕು, ಇಪ್ಪತ್ತು ನಿಮಿಷದವರೆಗೂ ಹರಿಸಬೇಕು. ಅಂಟಿದ ಡಾಮರನ್ನು ಕೀಳಬಾರದು. ಕಿತ್ತರೆ ಅದರೊಂದಿಗೆ ಚರ್ಮವೂ ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಹಚ್ಚಿ ಉಜ್ಜಬಾರದು. ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಕಲಿಸಲು ಒಂದು ಗಂಟೆ ಸಾಕು. ಆದರೂ ಕಾಲಿಗೆ ಗೋಣಿ ಸುತ್ತಿಕೊಂಡು ಕೆಲಸ ಮಾಡುವವರಲ್ಲಿ ನಾನು ಕೇಳಿದ ಯಾರಿಗೂ ಇದನ್ನು ಯಾರೂ ಹೇಳಿರಲಿಲ್ಲ.

ಹೊಂಡ ಮುಚ್ಚುವ ಕ್ರಮ

ಹೊಂಡಕ್ಕೆ ನಾಲ್ಕು ಬುಟ್ಟಿ ಮಾಲು ಸುರಿದು ಗುದ್ದಲಿಯಿಂದ ತಟ್ಟಿದರೆ ಮುಚ್ಚಿದಂತೆ ಕಾಣುತ್ತದೆ. ಒಂದೆರಡು ಮಳೆಗೆ ಮತ್ತೆ ತೆರೆಯುತ್ತದೆ. ಸರಿಯಾದ ಕ್ರಮ ಬೇರೆ. ಮೊದಲು ಹೊಂಡದ ಸುತ್ತಲಿನ ಸಡಿಲವಾದ ಭಾಗವನ್ನು ಗಟ್ಟಿ ಅಂಚು ಸಿಗುವವರೆಗೆ ಚೌಕಾಕಾರವಾಗಿ, ಬದಿಗಳು ನೇರವಾಗಿ ನಿಲ್ಲುವಂತೆ ಕತ್ತರಿಸಬೇಕು. ಧೂಳು, ನೀರು ತೆಗೆದು ಒಣಗಿಸಬೇಕು. ತಳಕ್ಕೂ ಬದಿಗಳಿಗೂ ಬಿಟುಮಿನ್ ಎಮಲ್ಷನ್ನಿನ ತೆಳು ಲೇಪ ಕೊಡಬೇಕು. ಎಮಲ್ಷನ್ ಎಂದರೆ ಹಾಲಿನಲ್ಲಿ ಕೊಬ್ಬು ಇರುವಂತೆ ನೀರಿನಲ್ಲಿ ಹರಡಿದ ಬಿಟುಮಿನ್ ಕಣಗಳು. ಹಾಕಿದಾಗ ಕಂದು ಬಣ್ಣ, ನೀರು ಬೇರ್ಪಟ್ಟ ಮೇಲೆ ಕಪ್ಪು. ಕಪ್ಪಾಗುವವರೆಗೆ ಕಾಯದೆ ಮಾಲು ಹಾಕಿದರೆ ಅಂಟುವುದಿಲ್ಲ. ಆಮೇಲೆ ಪದರ ಪದರವಾಗಿ ತುಂಬಿ ಪ್ರತಿ ಪದರವನ್ನೂ ಒತ್ತಬೇಕು. ಮೇಲ್ಮೈ ಸುತ್ತಲಿನ ರಸ್ತೆಗಿಂತ ಕೂದಲೆಳೆಯಷ್ಟು ಎತ್ತರವಿರಲಿ, ವಾಹನ ಓಡಿ ಕೂರುತ್ತದೆ.

ರಸ್ತೆ ಮಧ್ಯದಲ್ಲಿ ಎತ್ತರ, ಅಂಚಿನಲ್ಲಿ ತಗ್ಗು ಇರುವುದನ್ನು ಎಲ್ಲರೂ ಕಂಡಿದ್ದೀರಿ. ಇದನ್ನು ಕ್ಯಾಂಬರ್ ಎನ್ನುತ್ತಾರೆ. ತೆಳು ಡಾಮರು ರಸ್ತೆಗೆ ಶೇಕಡಾ 2ರಿಂದ 2.5 ಇಳಿಜಾರು. 3.75 ಮೀಟರ್ ಅಗಲದ ಒಂಟಿ ಲೇನಿನ ರಸ್ತೆಯಲ್ಲಿ ನಡುವಿನಿಂದ ಅಂಚಿಗೆ ಬರುವಷ್ಟರಲ್ಲಿ ಇಳಿಯುವುದು ಸುಮಾರು 4.7 ಸೆಂ.ಮೀ. ಮಾತ್ರ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ರಸ್ತೆ ಉಳಿಯುವುದು ಈ ನಾಲ್ಕೂ ಮುಕ್ಕಾಲು ಸೆಂಟಿಮೀಟರಿನ ಮೇಲೆ. ಅಂಚಿನಲ್ಲಿ ಹುಲ್ಲು ಬೆಳೆದು, ಮಣ್ಣು ಏರಿ ನಿಂತರೆ ಇಳಿಜಾರು ಇದ್ದೂ ಇಲ್ಲದಂತೆ. ಹಿಂದೆ ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿನವರು ವರ್ಷವಿಡೀ ಅದೇ ರಸ್ತೆಯ ಹುಲ್ಲು ಕೆತ್ತಿ, ಚರಂಡಿ ಬಿಡಿಸಿ, ಮೋರಿಯ ಬಾಯಿ ತೆರೆದಿಡುತ್ತಿದ್ದರು. ಹಿರಿಯನ ಪಕ್ಕದಲ್ಲಿ ನಿಂತು ಕಿರಿಯನು ಕಲಿಯುತ್ತಿದ್ದ. ಈಗ ಕೆಲಸ ಗುತ್ತಿಗೆಗೆ ಹೋಗಿದೆ. ಈ ವರ್ಷ ಇಲ್ಲಿದ್ದ ತಂಡ ಮುಂದಿನ ವರ್ಷ ಇನ್ನೊಂದು ಜಿಲ್ಲೆಯಲ್ಲಿ. ಗುತ್ತಿಗೆ ಪದ್ಧತಿ ಸರಿಯೋ ತಪ್ಪೋ ಎಂಬ ಚರ್ಚೆ ಅರ್ಥಶಾಸ್ತ್ರದವರಿಗೆ ಬಿಟ್ಟದ್ದು. ಆದರೆ ಆ ಕಲಿಕೆಯ ಸರಪಳಿ ಕಡಿದುಹೋಯಿತು, ಅದರ ಜಾಗಕ್ಕೆ ಬೇರೆ ವ್ಯವಸ್ಥೆ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಜ್ಞಾನ ಮೇಲೆಯೇ ಉಳಿದದ್ದು

ರಸ್ತೆ ವಿಜ್ಞಾನದ ಇತಿಹಾಸ ಕೆಲಸಗಾರನಿಂದ ದೂರವೇನಿರಲಿಲ್ಲ. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ 1816ರಲ್ಲಿ ಬ್ರಿಸ್ಟಲ್ ಪ್ರದೇಶದ ರಸ್ತೆಗಳ ಉಸ್ತುವಾರಿ ವಹಿಸಿಕೊಂಡಾಗ ಅವನ ಮೊದಲ ಕೆಲಸಗಳಲ್ಲೊಂದು ಕಲ್ಲು ಒಡೆಯುವವರನ್ನು ಸಣ್ಣ ಸುತ್ತಿಗೆ ಕೊಟ್ಟು ಕೂರಿಸಿದ್ದು. ಕಲ್ಲಿನ ಗಾತ್ರ ಒಂದೇ ಸಮ ಸಣ್ಣದಿರಬೇಕು ಎಂಬುದೇ ಅವನ ವಿಧಾನದ ಜೀವ. ತಕ್ಕಡಿ ಇಲ್ಲದ ಕಡೆ ಕಲ್ಲು ಬಾಯೊಳಗೆ ಹಿಡಿಸುತ್ತದೆಯೇ ಎಂದು ನೋಡಿ ಅಳೆಯುತ್ತಿದ್ದರು ಎಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ನಮ್ಮ ದೇಶದಲ್ಲಿ 1927ರಲ್ಲಿ ಜಯಕರ್ ಸಮಿತಿ ನೇಮಕವಾಯಿತು. ಅದರ ಶಿಫಾರಸಿನ ಫಲವಾಗಿ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. 1952ರಲ್ಲಿ ದೆಹಲಿಯಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ಬಂತು. 1983ರಲ್ಲಿ ಹೆದ್ದಾರಿ ಎಂಜಿನಿಯರುಗಳ ತರಬೇತಿಗಾಗಿಯೇ ಒಂದು ಸಂಸ್ಥೆ ಆರಂಭವಾಯಿತು. ನೊಯಿಡಾದಲ್ಲಿರುವ ಅದನ್ನು ಈಗ ಇಂಡಿಯನ್ ಅಕಾಡೆಮಿ ಆಫ್ ಹೈವೇ ಎಂಜಿನಿಯರ್ಸ್ ಎನ್ನುತ್ತಾರೆ. ಎಲ್ಲವೂ ಒಳ್ಳೆಯ ಸಂಸ್ಥೆಗಳು. ಆದರೆ ಹೆಸರು ನೋಡಿದರೇ ತಿಳಿಯುತ್ತದೆ, ಅವುಗಳ ಬಾಗಿಲು ಮುಖ್ಯವಾಗಿ ತೆರೆದಿರುವುದು ಎಂಜಿನಿಯರಿಗೆ. ಗುದ್ದಲಿ ಹಿಡಿದವನಿಗಲ್ಲ.

ಅಮೆರಿಕ ಇದನ್ನು ಬೇರೆ ರೀತಿಯಲ್ಲಿ ನೋಡಿತು. ಅಲ್ಲಿನ ರಸ್ತೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೌಂಟಿ, ಪಟ್ಟಣಗಳಂಥ ಸ್ಥಳೀಯ ಸಂಸ್ಥೆಗಳ ಕೈಯಲ್ಲಿವೆ. ನಮ್ಮ ಗ್ರಾಮ ಪಂಚಾಯಿತಿ ರಸ್ತೆಗಳಿದ್ದಂತೆ. ಅವುಗಳಿಗೆ ಪರಿಣತರನ್ನು ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಹಾಗಾಗಿ 1982ರಲ್ಲಿ ಅಲ್ಲಿನ ಕೇಂದ್ರ ಹೆದ್ದಾರಿ ಆಡಳಿತ ಗ್ರಾಮೀಣ ರಸ್ತೆಗಳಿಗೆ ತಾಂತ್ರಿಕ ನೆರವಿನ ಯೋಜನೆಯೊಂದನ್ನು ಆರಂಭಿಸಿತು. ಇಂದು ಐವತ್ತೂ ರಾಜ್ಯಗಳಲ್ಲಿ ಮತ್ತು ಪೋರ್ಟೊ ರಿಕೊದಲ್ಲಿ ಅದರ ಕೇಂದ್ರಗಳಿವೆ. ಹಲವು ಕೇಂದ್ರಗಳು ವಿಶ್ವವಿದ್ಯಾಲಯಗಳೊಳಗೇ ಇವೆ. ನ್ಯೂಯಾರ್ಕ್ ರಾಜ್ಯದ್ದು ಪ್ರಸಿದ್ಧ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದೆ. ಬಾವುಟ ಹಿಡಿಯುವುದು ಹೇಗೆ, ಜಲ್ಲಿ ರಸ್ತೆಯನ್ನು ಗ್ರೇಡರ್‌ನಿಂದ ಸಮ ಮಾಡುವುದು ಹೇಗೆ, ಹಿಮ ತೆಗೆಯುವುದು ಹೇಗೆ ಎಂಬ ಒಂದು ದಿನದ, ಅರ್ಧ ದಿನದ ತರಗತಿಗಳು ಅಲ್ಲಿ ನಡೆಯುತ್ತವೆ. ಹಲವು ರಾಜ್ಯಗಳಲ್ಲಿ ಇಂಥ ತರಗತಿಗಳನ್ನು ಒಂದೊಂದಾಗಿ ಮುಗಿಸಿದ ಕೆಲಸಗಾರನಿಗೆ 'ರೋಡ್ ಸ್ಕಾಲರ್' ಎಂಬ ಬಿರುದು ಕೊಡುತ್ತಾರೆ. ಹೆಸರಿನಲ್ಲಿ ಸ್ವಲ್ಪ ತಮಾಷೆಯಿದೆ, ಆಕ್ಸ್‌ಫರ್ಡಿನ ರೋಡ್ಸ್ ಸ್ಕಾಲರನ್ನು ನೆನಪಿಸುತ್ತದೆ. ಆದರೆ ರಸ್ತೆ ಕೆಲಸಗಾರನನ್ನು ವಿದ್ವಾಂಸ ಎಂದು ಕರೆದದ್ದು ನನಗೆ ಬಹಳ ಹಿಡಿಸಿತು.

ಅದಕ್ಕಿಂತಲೂ ಹಿಡಿಸಿದ್ದು ಇನ್ನೊಂದು ಏರ್ಪಾಟು. ಕೆಲವು ಕೇಂದ್ರಗಳ ತರಬೇತುದಾರರು ವ್ಯಾನಿನಲ್ಲಿ ಉಪಕರಣ ತುಂಬಿಕೊಂಡು ಊರೂರಿಗೆ ಹೋಗುತ್ತಾರೆ. ಕೆಲಸಗಾರ ಕೂಲಿ ಬಿಟ್ಟು ತರಗತಿಗೆ ಬರಬೇಕಿಲ್ಲ, ತರಗತಿಯೇ ಅವನ ಶೆಡ್ಡಿಗೆ ಬರುತ್ತದೆ. ದಿನಗೂಲಿ ತಪ್ಪಿದರೆ ರಾತ್ರಿ ಒಲೆ ಹೊತ್ತುವುದಿಲ್ಲ ಎಂಬ ಸ್ಥಿತಿ ಇರುವ ನಮ್ಮಲ್ಲಿ ಇದರ ಅಗತ್ಯ ಅಮೆರಿಕಕ್ಕಿಂತ ಹೆಚ್ಚು.

ನಮ್ಮಲ್ಲಿ ಇರುವ ದಾರಿಗಳು

ಹಾಗೆಂದು ನಮ್ಮಲ್ಲಿ ಏನೂ ಇಲ್ಲ ಎನ್ನಲಾಗದು. ಇರುವುದು ತಲುಪಬೇಕಾದವರಿಗೆ ತಲುಪಿಲ್ಲ.

ಈಗಾಗಲೇ ಕೆಲಸ ಬಲ್ಲವರಿಗೆ ಇರುವ ಮುಖ್ಯ ದಾರಿ 'ಪೂರ್ವ ಕಲಿಕೆಯ ಮಾನ್ಯತೆ'. ಆರ್‌ಪಿಎಲ್ ಎಂದು ಕರೆಯುತ್ತಾರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದೂ ಒಂದು ಭಾಗ. ಕೆಲವು ಗಂಟೆಗಳ ಪರಿಚಯ ತರಗತಿ, ಆಮೇಲೆ ಕೆಲಸ ಮಾಡಿ ತೋರಿಸುವ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಮಟ್ಟದ ಪ್ರಮಾಣಪತ್ರ. ಹೊಗೆ ನೋಡಿ ಉಷ್ಣತೆ ಹೇಳುವ ಮೇಸ್ತ್ರಿಗಾಗಿಯೇ ಮಾಡಿದಂತಿದೆ ಇದು. ಕಟ್ಟಡ ಮತ್ತು ರಸ್ತೆ ಕಾಮಗಾರಿಗೆ ಕನ್‌ಸ್ಟ್ರಕ್ಷನ್ ಸ್ಕಿಲ್ ಡೆವಲಪ್‌ಮೆಂಟ್ ಕೌನ್ಸಿಲ್, ಜೆಸಿಬಿ, ಎಕ್ಸ್‌ಕವೇಟರ್‌ನಂಥ ಯಂತ್ರಗಳಿಗೆ ಇನ್ಫ್ರಾಸ್ಟ್ರಕ್ಚರ್ ಎಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಎಂಬ ಮಂಡಳಿಗಳು ಪಠ್ಯವನ್ನು ರೂಪಿಸಿವೆ. ಗಲ್ಫಿಗೆ ಹೋಗುವ ನಮ್ಮ ಕಡೆಯ ಹುಡುಗರು ಇದನ್ನು ಗಮನಿಸಬೇಕು. ಹೆಲ್ಪರ್ ಆಗಿ ಹೋಗುವುದಕ್ಕೂ ಪ್ರಮಾಣಪತ್ರವಿರುವ ಆಪರೇಟರ್ ಆಗಿ ಹೋಗುವುದಕ್ಕೂ ಸಂಬಳದಲ್ಲಿ, ಮರ್ಯಾದೆಯಲ್ಲಿ ಬಹಳ ಅಂತರವಿದೆ. ಮನೆಯಲ್ಲಿ ಅಲ್ಲಿಂದ ಮರಳಿದ ಮಾಮನೋ ಕಾಕನೋ ಇದ್ದರೆ ಕೇಳಿ ನೋಡಿ.

ಒಂದು ಎಚ್ಚರಿಕೆ. ಪ್ರಮಾಣಪತ್ರಕ್ಕಾಗಿ ಪ್ರಮಾಣಪತ್ರ ಎಂಬಂತೆ ನಡೆಯುವ ತರಬೇತಿಗಳೂ ಇವೆ. ಯಂತ್ರವನ್ನೇ ತೋರಿಸದೆ ಆಪರೇಟರ್ ಎಂದು ಬರೆದುಕೊಡುವ ಕಡೆ ಹಣ ಕಟ್ಟಬೇಡಿ. ಸೇರುವ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಂತ್ರದ ಮೇಲೆ ಎಷ್ಟು ಗಂಟೆ ಕೂರಿಸುತ್ತೀರಿ?

ಹೊಸದಾಗಿ ಕಲಿಯುವವರಿಗೆ ಐಟಿಐ ಇದೆ. ಸರ್ವೇಯರ್ ಮತ್ತು ಡ್ರಾಫ್ಟ್ಸ್‌ಮನ್ ಸಿವಿಲ್ ಎರಡು ವರ್ಷದ ಕೋರ್ಸುಗಳು, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ್ದು. ಇವಕ್ಕೆ ಎಸ್‌ಎಸ್‌ಎಲ್‌ಸಿ ಸಾಕು, ಹಾಗಾಗಿ ಪಿಯುಸಿ ಕಲಾ, ವಾಣಿಜ್ಯ ವಿಭಾಗದವರಿಗೂ ಬಾಗಿಲು ಮುಚ್ಚಿಲ್ಲ. ಪಿಯುಸಿ ವಿಜ್ಞಾನ ಮುಗಿಸಿದವರು ಮತ್ತು ಐಟಿಐ ಮುಗಿಸಿದವರು ಸಿವಿಲ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶ ನಮ್ಮ ರಾಜ್ಯದಲ್ಲಿದೆ. ಸಿಇಟಿಯಲ್ಲಿ ರ‍್ಯಾಂಕ್ ಬರಲಿಲ್ಲ ಎಂದು ಮನೆಯಲ್ಲಿ ಕೂರುವ ಹುಡುಗರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಂಪನಿಗಳಲ್ಲಿ ಸ್ಟೈಪೆಂಡ್ ಪಡೆಯುತ್ತಾ ಕಲಿಯುವ ದಾರಿಯೂ ಇದೆ. ಎಲ್ ಆ್ಯಂಡ್ ಟಿ ಕಂಪನಿ ಬೆಂಗಳೂರೂ ಸೇರಿ ಹಲವು ಕಡೆ ನಿರ್ಮಾಣ ಕೌಶಲ ತರಬೇತಿ ಸಂಸ್ಥೆಗಳನ್ನು ನಡೆಸುತ್ತದೆ. ಪಕ್ಕದ ಹೈದರಾಬಾದಿನಲ್ಲಿ 1998ರಿಂದ ನ್ಯಾಷನಲ್ ಅಕಾಡೆಮಿ ಆಫ್ ಕನ್‌ಸ್ಟ್ರಕ್ಷನ್ ಇದೆ. ಅಲ್ಲಿ ಎಂಜಿನಿಯರಿಗೂ ಗಾರೆ ಕೆಲಸದವನಿಗೂ ಒಂದೇ ಸೂರಿನಡಿ ತರಬೇತಿ ಸಿಗುತ್ತದೆ. ಯಂತ್ರ ಓಡಿಸುವ ಆಸೆಯಿರುವವರು ಲೈಸೆನ್ಸಿನ ವಯಸ್ಸನ್ನು ನೆನಪಿಡಿ. ಖಾಸಗಿ ವಾಹನಕ್ಕೆ 18 ವರ್ಷ, ಸಾರಿಗೆ ವಾಹನಕ್ಕೆ 20.

ಹೆಣ್ಣುಮಕ್ಕಳಿಗೆ ಇದರಲ್ಲೇನಿದೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಸರ್ವೇಯರ್, ಡ್ರಾಫ್ಟ್ಸ್‌ಮನ್ ಕೋರ್ಸುಗಳು ಅವರಿಗೂ ಇವೆ. ಇನ್ನೊಂದು ಮಾದರಿ ಉತ್ತರಾಖಂಡ, ಹಿಮಾಚಲ ಪ್ರದೇಶಗಳಿಂದ ಬಂದಿದೆ. ಅಲ್ಲಿ ಗ್ರಾಮೀಣ ರಸ್ತೆಗಳ ಹುಲ್ಲು ಕೆತ್ತುವ, ಚರಂಡಿ ಬಿಡಿಸುವ ದಿನನಿತ್ಯದ ನಿರ್ವಹಣೆಯನ್ನು ತರಬೇತಿ ಕೊಟ್ಟು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿದ ಪ್ರಯೋಗ ನಡೆದಿದೆ. 2000ನೇ ಇಸವಿಯ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಮೊದಲ ಐದು ವರ್ಷ ಗುತ್ತಿಗೆದಾರನೇ ನಿರ್ವಹಣೆ ಮಾಡಬೇಕು. ಆಮೇಲೆ ಯಾರು ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ಹೊಸ ತಂತ್ರಜ್ಞಾನ ಬಂದಂತೆ ತರಬೇತಿಯ ಅಗತ್ಯವೂ ಹೆಚ್ಚುತ್ತದೆ. ಪ್ಲಾಸ್ಟಿಕ್ ತ್ಯಾಜ್ಯವನ್ನು ರಸ್ತೆಗೆ ಬಳಸುವ ವಿಧಾನದಲ್ಲಿ ಮಧುರೈನ ರಸಾಯನಶಾಸ್ತ್ರ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರ ಹೆಸರು ದೊಡ್ಡದು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮ ಬೆಂಗಳೂರಿನಲ್ಲಿ ಅಹ್ಮದ್ ಖಾನ್, ರಸೂಲ್ ಖಾನ್ ಸಹೋದರರು ಪ್ಲಾಸ್ಟಿಕ್ ಚೀಲಗಳ ವ್ಯಾಪಾರದಿಂದ ಬಂದು ಅದೇ ಪ್ಲಾಸ್ಟಿಕ್ಕನ್ನು ಡಾಮರಿಗೆ ಸೇರಿಸಿ ರಸ್ತೆ ಮಾಡಿಸಿದರು. ಕಾದ ಜಲ್ಲಿಯ ಮೇಲೆ ಚೂರು ಪ್ಲಾಸ್ಟಿಕ್ ಕರಗಿ ಲೇಪವಾಗುತ್ತದೆ, ನೀರು ಒಳಹೋಗುವುದು ಕಡಿಮೆಯಾಗುತ್ತದೆ. ಆದರೆ ಪಿವಿಸಿ ಸೇರಬಾರದು. ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಯಾವ ಚೂರು ಪಿವಿಸಿ, ಯಾವುದು ಅಲ್ಲ ಎಂದು ರಾಶಿಯ ಮುಂದೆ ನಿಂತವನಿಗೆ ತಿಳಿದಿರಬೇಕು. ಆ ಹೊಗೆ ಕುಡಿಯುವವನು ಅವನೇ.

ನೋಂದಣಿ, ಮತ್ತು ನಮ್ಮ ಪಾಲಿನ ಕೆಲಸ

1996ರಲ್ಲಿ ಸಂಸತ್ತು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ಮಾಡಿದಾಗ ಅದರ ವ್ಯಾಖ್ಯೆಯೊಳಗೆ ರಸ್ತೆಯ ನಿರ್ಮಾಣ, ದುರಸ್ತಿ, ನಿರ್ವಹಣೆಯನ್ನೂ ಸೇರಿಸಿತು. 'ಕಟ್ಟಡ' ಎಂಬ ಪದವನ್ನು ಮಾತ್ರ ಕೇಳಿ ಅದು ತಮಗಲ್ಲ ಎಂದುಕೊಂಡ ಹಲವು ಡಾಮರು ಕೆಲಸಗಾರರನ್ನು ನಾನು ಕಂಡಿದ್ದೇನೆ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದವರು ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರ, ಪಿಂಚಣಿ, ಮಕ್ಕಳ ಓದಿಗೆ ಸಹಾಯಧನ ಇವೆಲ್ಲ ಆ ಕಾರ್ಡಿನ ಮೇಲೆ ನಿಂತಿವೆ. ಕೊನೆಯದು ಈ ಪತ್ರಿಕೆ ಓದುತ್ತಿರುವ ಕೆಲವರಿಗೇ ಸಲ್ಲಬೇಕಾದ ಹಣ.

ತೊಡಕು 90 ದಿನದ ದೃಢೀಕರಣದಲ್ಲಿದೆ. ತಿಂಗಳಿಗೊಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಸಹಿ ಹಾಕುವವರು ಯಾರು? ಕನ್ನಡ ಬರುವವರೇ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಒಡಿಶಾ, ಜಾರ್ಖಂಡ್‌ಗಳಿಂದ ಬಂದವರ ಪಾಡು ಹೇಳುವುದೇ ಬೇಡ. ಇಲ್ಲಿ ವಿದ್ಯಾರ್ಥಿಗಳಿಂದ ನಿಜವಾಗಿ ಸಹಾಯ ಆಗಬಹುದು. ಮೊಬೈಲಿನಲ್ಲಿ ಫಾರ್ಮ್ ತುಂಬುವುದು ನಿಮಗೆ ಐದು ನಿಮಿಷದ ಕೆಲಸ. ದಿನವೂ ದುಡಿದ ದಿನಾಂಕ, ಜಾಗ, ಗುತ್ತಿಗೆದಾರನ ಹೆಸರನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುವಂತೆ ತಂದೆಗೋ ಅಣ್ಣನಿಗೋ ಹೇಳಿ, ಅಥವಾ ನೀವೇ ಬರೆದುಕೊಡಿ. ಸಹಿ ಕೇಳುವಾಗ ಆ ಪುಸ್ತಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. 2021ರ ಆಗಸ್ಟಿನಲ್ಲಿ ಬಂದ ಇ-ಶ್ರಮ್ ನೋಂದಣಿಯೂ ಇದೆ. ಅದಕ್ಕೆ ವಯಸ್ಸು 16ರಿಂದ 59, ಶುಲ್ಕವಿಲ್ಲ. ಎರಡೂ ಬೇರೆ ಬೇರೆ. ಒಂದು ಮಾಡಿಸಿದರೆ ಇನ್ನೊಂದು ಆದಂತೆ ಅಲ್ಲ.

ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಪುಣ್ಯದ ಕೆಲಸ ಎಂದು ಚಿಕ್ಕಂದಿನಲ್ಲಿ ಮದರಸದಲ್ಲಿ ಕೇಳಿದವರು ನಾವು. ಅದನ್ನೇ ದಿನವಿಡೀ ಬಿಸಿಲಲ್ಲಿ ನಿಂತು ಮಾಡುವವರಿಗೆ ಒಂದು ಫಾರ್ಮ್ ತುಂಬಿಕೊಡುವುದು ದೊಡ್ಡ ಮಾತಲ್ಲ.

ಐಟಿಐ ಕೋರ್ಸುಗಳ ವಿವರ, ಡಿಪ್ಲೊಮಾದ ನೇರ ಪ್ರವೇಶದ ನಿಯಮ, ಕಲ್ಯಾಣ ಮಂಡಳಿಯ ನೋಂದಣಿಗೆ ಬೇಕಾದ ದಾಖಲೆಗಳ ಪಟ್ಟಿ ಮೂರನ್ನೂ ಭೌತಶಾಸ್ತ್ರ ಪ್ರಯೋಗಾಲಯದ ಹೊರಗಿನ ಫಲಕದಲ್ಲಿ ಅಂಟಿಸಿದ್ದೇನೆ. ಬಿಸಿ ಡಾಮರಿನ ಪ್ರಥಮ ಚಿಕಿತ್ಸೆಯ ನಾಲ್ಕು ಸಾಲುಗಳನ್ನು ಕನ್ನಡ, ಉರ್ದು, ಹಿಂದಿಯಲ್ಲಿ ಬರೆದು ಹಾಳೆ ಮಾಡಿಸಲು ಆಯಾ ಭಾಷಾ ಉಪನ್ಯಾಸಕರು ಒಪ್ಪಿದ್ದಾರೆ. ಒಡಿಯಾ ಬಲ್ಲವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ನನಗೆ ತಿಳಿಸಿ.